ಕಟಿಂಗ್ ಮಾಸ್ತರನ ಎರಡನೆಯ ಮದುವೆ

ಮುನಿಆಂಜನಪ್ಪನ ಕೈಗೆ ಕತ್ತರಿ ಕೊಟ್ಟರೆ ಮೂವತ್ತು ಪದರ ಖಾಕಿ ಬಟ್ಟೆಯನ್ನು ಒಂದು ನೂಲು ಆಚೀಚೆ ಆಗದ ಹಾಗೆ ಕತ್ತರಿಸುತ್ತಿದ್ದ. ಅದೇ ಮನುಷ್ಯನಿಗೆ ಮನೆಯಲ್ಲಿ ಒಂದು ಮಾತನ್ನು ಕಡ್ಡಿ ಮುರಿದ ಹಾಗೆ ಹೇಳು ಅಂದರೆ ನಾಲಿಗೆ ಹೊರಳುತ್ತಿರಲಿಲ್ಲ. ಅವನು ಹೇಳಬೇಕಾಗಿದ್ದದ್ದು ಒಂದು ಹೆಸರು, ಬರೀ ನಾಲ್ಕು ಅಕ್ಷರದ್ದು. ಅದನ್ನು ಹೇಳಲಾರದೆ ಅವನು ಪಟ್ಟ ಪಾಡು, ಬೇರೆಯವರಿಗೆ ಕೊಟ್ಟ ಪಾಡು ಕೇಳಿದರೆ ಎಂಥ ತಾಳ್ಮೆಯವರಿಗೂ ಮೈ ಉರಿಯಬೇಕು.

ಅದು ಎರಡನೆಯ ಮಹಾಯುದ್ಧದ ಕಾಲ. ಈಗ ಶಿವಾಜಿನಗರ ಎನ್ನುವ ಬ್ಲಾಕ್‌ಪಲ್ಲಿಯಲ್ಲಿ ಅಮೀರ್ ಸಾಹೇಬರ ಹೊಲಿಗೆ ಕಾರ್ಖಾನೆ ಇತ್ತು. ನಲವತ್ತು ಮಿಶನ್ನುಗಳು ಬೆಳಗಿನಿಂದ ಸಂಜೆಯವರೆಗೆ ಸಿಪಾಯಿಗಳ ಅಂಗಿ ಹೊಲಿಯುತ್ತಿದ್ದವು. ಮುನಿಆಂಜನಪ್ಪ ಅಲ್ಲಿ ಕಟಿಂಗ್ ಮಾಸ್ತರ. ತಿಪ್ಪಸಂದ್ರದಿಂದ ಸೈಕಲ್ ತುಳಿದುಕೊಂಡು, ಹಲಸೂರು ದಾಟಿ, ಎಂಟು ಗಂಟೆಗೆ ಮೇಜಿನ ಮುಂದೆ ನಿಂತರೆ ಸಂಜೆಯವರೆಗೆ ಕೂರುವ ಹಾಗಿಲ್ಲ. ತಿಪ್ಪಸಂದ್ರ ಆಗಿನ್ನೂ ರಾಗಿ ಹೊಲಗಳ ಹಳ್ಳಿ. ಆಚೆಗೆ ವಿಮಾನದ ಕಾರ್ಖಾನೆ ಎದ್ದ ಮೇಲೆ ಹೊತ್ತಿಲ್ಲ ಗೊತ್ತಿಲ್ಲ, ತಲೆಯ ಮೇಲೆ ವಿಮಾನಗಳು ಗುಡುಗುತ್ತಿದ್ದವು. ಊರಿನ ಎಮ್ಮೆಗಳು ಕೂಡ ಕತ್ತೆತ್ತಿ ನೋಡುವುದನ್ನು ಬಿಟ್ಟಿದ್ದವು.

ಅವನ ಮದುವೆಯ ಸಂಗತಿ ಮೊದಲೇ ಹೇಳಿಬಿಡುವುದು ವಾಸಿ. ಅವನ ಹೆಂಡತಿ ಆದಿಲಕ್ಷ್ಮಿ ಅವನ ಸ್ವಂತ ಅಕ್ಕನ ಮಗಳು. ಆ ಕಡೆ ಇದೇನೂ ವಿಶೇಷವಲ್ಲ. ಅಕ್ಕನಿಗೆ ಹೆಣ್ಣು ಹುಟ್ಟಿದರೆ ತಮ್ಮನಿಗೇ ಅಂತ ತೊಟ್ಟಿಲಲ್ಲಿರುವಾಗಲೇ ಜನ ಆಡಿಕೊಳ್ಳುತ್ತಾರೆ. ಅಕ್ಕ ಮುನಿವೆಂಕಟಮ್ಮ ಅವನಿಗೆ ತಾಯಿಯೂ ಹೌದು. ಹೆತ್ತ ತಾಯಿ ಸತ್ತಾಗ ಅವನಿಗೆ ಮೂರು ವರ್ಷ. ಅಕ್ಕನೇ ಉಣ್ಣಿಸಿ, ಬಯ್ದು, ಬೆಳೆಸಿದಳು. ಅವಳ ಗಂಡ ಮುನಿಶಾಮಿ ಮನೆಅಳಿಯನಾಗಿ ಅದೇ ಮನೆಯಲ್ಲಿದ್ದ. ಆದಿಲಕ್ಷ್ಮಿ ಹುಟ್ಟಿದಾಗ ಮುನಿಆಂಜನಪ್ಪ ಒಂಬತ್ತು ವರ್ಷದವನು. ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗಿದ್ದ, ಮೂಗು ಒರೆಸಿದ್ದ, ಬಿದ್ದರೆ ಎತ್ತಿದ್ದ. ಮುಂದೆ ಅದೇ ಹುಡುಗಿಗೆ ತಾಳಿ ಕಟ್ಟು ಅಂದರು, ಕಟ್ಟಿದ. ಮದುವೆಗೆ ಮೊದಲು ಅವಳು ಅವನನ್ನು ಮಾವ ಅನ್ನುತ್ತಿದ್ದಳು. ಮದುವೆಯಾದ ಮೇಲೂ ಮಾವ ಅಂದಳು. ಹನ್ನೊಂದು ವರ್ಷ ಒಂದು ಜಗಳವಿಲ್ಲ, ಒಂದು ಮಗುವೂ ಇಲ್ಲ. ಅವಳ ಮೇಲೆ ಅವನಿಗೆ ಪ್ರೀತಿ ಇರಲಿಲ್ಲವೆಂದರೆ ಸುಳ್ಳಾದೀತು. ಮನೆಯವರ ಮೇಲೆ ಇರುವ ಪ್ರೀತಿ ಅದು. ಬೇರೆ ಥರದ್ದು ಒಂದು ಇರುತ್ತದೆ ಅಂತ ಮೂವತ್ತೆಂಟನೆಯ ವಯಸ್ಸಿನವರೆಗೆ ಅವನಿಗೆ ತಿಳಿದಿರಲಿಲ್ಲ.

ತಿಳಿದದ್ದು ಅಂಗಿಯ ತೋಳುಗಳಿಂದ. ಬಟ್ಟೆಯನ್ನು ಮೇಜಿನ ಮೇಲೆ ಹಾಸುವಾಗ ಒಂದು ಪದರ ಮೇಲ್ಮುಖ, ಮುಂದಿನ ಪದರ ಕೆಳಮುಖ ಮಾಡಬೇಕು. ಆಗ ಎಡತೋಳು ಬಲತೋಳು ಜೋಡಿಯಾಗಿ ಬರುತ್ತವೆ. ಒಂದು ದಿನ ಅವನಿಗೆ ಜ್ವರದ ಮಂಪರು. ಎಲ್ಲ ಪದರವನ್ನೂ ಒಂದೇ ಮುಖ ಹಾಸಿ, ಕತ್ತರಿ ಓಡಿಸಿ, ಅರವತ್ತು ತೋಳು ಕಟ್ಟಿ ಕಳಿಸಿಬಿಟ್ಟ. ಅರವತ್ತೂ ಎಡತೋಳುಗಳೇ.

ಮಾಲು ಕೈಯಿಂದ ಕೈಗೆ ಹೋಗುವ ಮೊದಲು ತಪ್ಪು ನೋಡಿ ವಾಪಸ್ಸು ಮಾಡುವ ಕೆಲಸ ಗೋವಿಂದಮ್ಮನದು. ಗುಂಡಿಗೆ ಕಾಜಾ ಹಾಕುವ ಹೆಂಗಸರಿಗೆಲ್ಲ ಮೇಲಿನವಳು, ಕಣ್ಣು ಬಲು ಚುರುಕು. ತೋಳಿನ ಕಟ್ಟು ಎತ್ತಿಕೊಂಡು ಸೀದಾ ಅವನ ಮೇಜಿಗೆ ಬಂದಳು.

"ಮಾಸ್ತರೇ, ಎಡಗೈ ಮಾತ್ರ ಇರೋ ಪಲ್ಟನ್ ಏನಾದ್ರೂ ಬಂದಿದೆಯಾ?"

ಅವನು ನೋಡಿದ, ನೋಡಿ ಬಿಳಿಚಿಕೊಂಡ. ಅಮೀರ್ ಸಾಹೇಬರು ಒಳ್ಳೆಯ ಮನುಷ್ಯರು, ಆದರೆ ಸರ್ಕಾರದ ಬಟ್ಟೆ ಹಾಳಾದರೆ ಕೆಲಸ ಉಳಿಯುವುದಿಲ್ಲ. ಗೋವಿಂದಮ್ಮ ಸದ್ದು ಮಾಡಲಿಲ್ಲ. ಸೆರಗು ಸಿಕ್ಕಿಸಿಕೊಂಡು, "ಅರ್ಧದಷ್ಟನ್ನ ಕಿಸೆಗೆ, ಕಿಸೆ ಮುಚ್ಚಳಕ್ಕೆ ಕತ್ತರಿಸ್ಕೊಳ್ಳಿ. ಕಿಸೆಗೆ ಇಟ್ಟಿರೋ ಬಟ್ಟೇಲಿ ಬಲತೋಳು ತೆಗೀರಿ. ಸಂಜೆ ಒಳಗೆ ಮುಗಿಸಿದ್ರೆ ಸೈತಾನನಿಗೂ ಗೊತ್ತಾಗಲ್ಲ" ಅಂದಳು. ಹೋಗುವಾಗ ತಿರುಗಿ ಒಂದು ತೋಳನ್ನು ತನ್ನ ಎಡಗೈಗೆ ತೊಟ್ಟು ಸಲಾಮು ಹೊಡೆದಳು. ಮುನಿಆಂಜನಪ್ಪ ನಕ್ಕ. ಜ್ವರ, ಭಯ, ಎಲ್ಲ ಇಟ್ಟುಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಹಾಗೆ ತಾನು ನಕ್ಕು ಎಷ್ಟು ವರ್ಷವಾಯಿತು ಅಂತ ಲೆಕ್ಕ ಹಾಕಲು ಹೋಗಿ ಬೆಪ್ಪಾಗಿ ನಿಂತ.

ಅಲ್ಲಿಂದ ಅವನು ಕೆಟ್ಟ. ಬೆಳಗ್ಗೆ ಎದ್ದರೆ ಕೆಲಸಕ್ಕೆ ಹೋಗುವ ಆತುರ, ಭಾನುವಾರ ಬಂದರೆ ಕೋಪ. ಗೋವಿಂದಮ್ಮ ಹಲಸೂರಿನಲ್ಲಿ ಸೋಮೇಶ್ವರನ ಗುಡಿಯ ಹಿಂದಿನ ಓಣಿಯಲ್ಲಿ ಒಬ್ಬಳೇ ಇದ್ದಳು. ಸಂಜೆ ಅವಳು ನಡೆದು ಹೋಗುತ್ತಿದ್ದಳು. ಅವನು ಸೈಕಲ್ ತಳ್ಳಿಕೊಂಡು ಪಕ್ಕದಲ್ಲಿ ನಡೆಯುತ್ತಿದ್ದ. ಚಕ್ರದಲ್ಲಿ ಗಾಳಿ ಇಲ್ಲ ಅಂತ ಮೊದಲ ವಾರ ನೆಪ ಹೇಳಿದ. ಎರಡನೆಯ ವಾರ ಅವಳೇ, "ಆ ಚಕ್ರಕ್ಕೆ ಪಾಪ ಯಾಕೆ ಕೆಟ್ಟ ಹೆಸರು ತರ್ತೀರಿ?" ಅಂದಳು.

ಅವಳ ಕಥೆ ಹೀಗೆ. ಮದುವೆಯಾದ ಎರಡನೆಯ ವರ್ಷ ಗಂಡ ಇನ್ನೊಬ್ಬಳ ಜೊತೆ ಸಿಂಗಪುರಕ್ಕೆ ಹೋದ, ತಿರುಗಿ ಬರಲಿಲ್ಲ. ಕುಲದ ಹಿರಿಯರು ಕೂತು ಅವಳಿಗೆ ಬಿಡುಗಡೆ ಕೊಟ್ಟಿದ್ದರು. ಬೇರೆಯವನು ಸೀರೆ ಕೊಟ್ಟು ಕರೆದುಕೊಂಡು ಹೋಗಬಹುದು. ಅದಕ್ಕೆ ಉಡಿಕೆ ಅನ್ನುತ್ತಾರೆ, ಅವನ ಕುಲದಲ್ಲೂ ಅದು ನಡೆಯುತ್ತಿತ್ತು. ಗಂಡಸಿಗೆ ಎರಡನೆಯ ಹೆಂಡತಿ ಅನ್ನುವುದಕ್ಕೆ ಆಗ ಕಾನೂನೂ ಅಡ್ಡ ಬರುತ್ತಿರಲಿಲ್ಲ. ಅಂದರೆ ಅವನ ದಾರಿಗೆ ಕಲ್ಲು ಮುಳ್ಳು ಏನೂ ಇರಲಿಲ್ಲ. ಇದ್ದ ಒಂದು ಅಡ್ಡಿ ಅವನ ನಾಲಿಗೆ.

ಸಂಕ್ರಾಂತಿಯ ಮಾರನೆಯ ದಿನ, ಹಲಸೂರು ಕೆರೆಯ ಏರಿಯ ಮೇಲೆ, ಅವನು ಹೇಗೋ ತಡವರಿಸಿ ಅವಳಿಗೆ ಹೇಳಿದ. ಅವಳು ನಗಲಿಲ್ಲ, ಮುಖ ತಿರುಗಿಸಲಿಲ್ಲ.

"ನಂಗೂ ನಿಮ್ಮ ಮೇಲೆ ಮನಸಿದೆ ಮಾಸ್ತರೇ. ಬಚ್ಚಿಡಲ್ಲ" ಅಂದಳು. "ಆದ್ರೆ ಒಂದು ಮಾತು. ನನ್ನ ಗಂಡನ್ನ ಒಬ್ಬಳು ಹಿಂದಿಂದ ಕರ್ಕೊಂಡು ಹೋದ್ಲು. ಆ ಕೆಲಸ ನಾನು ಮಾಡಲ್ಲ. ನಿಮ್ಮನೇಲಿ ಹೇಳಿ. ನಿಮ್ಮ ಅಕ್ಕ, ನಿಮ್ಮ ಹೆಂಡ್ತಿ ಇಬ್ರೂ ತಾಂಬೂಲದ ತಟ್ಟೆ ಹಿಡ್ಕೊಂಡು ನನ್ನ ಮನೆಗೆ ಬಂದು ಕೇಳ್ಬೇಕು. ಮೊದಲ ಹೆಂಡ್ತಿ ಕೈಯಿಂದ ಕುಂಕುಮ ಇಡಿಸ್ಕೊಂಡೇ ಬರ್ತೀನಿ. ಇಲ್ದಿದ್ರೆ ಬರಲ್ಲ."

"ಹೇಳ್ತೀನಿ. ಖಂಡಿತ ಹೇಳ್ತೀನಿ."

"ಯುಗಾದಿ ಒಳಗೆ. ಕೋಲಾರದ ಗಣೀಲಿ ನಮ್ಮಣ್ಣ ಒಬ್ರನ್ನ ನೋಡಿಟ್ಟವ್ನೆ, ಹೆಂಡ್ತಿ ಸತ್ತೋರು. ಯುಗಾದಿಗೆ ಅವ್ನಿಗೆ ಉತ್ತರ ಹೇಳ್ಬೇಕು."

ಎರಡು ತಿಂಗಳಿಗೆ ಮೇಲೆ ಕಾಲವಿತ್ತು. ಮುನಿಆಂಜನಪ್ಪ ಆ ಸಂಜೆ ತಿಪ್ಪಸಂದ್ರದವರೆಗೆ ಸೀಟಿ ಹೊಡೆದುಕೊಂಡು ಸೈಕಲ್ ತುಳಿದ.

ಮೊದಲು ಹೆಂಡತಿಗೆ ಹೇಳುವುದು ನ್ಯಾಯ ಅಂತ ಅವನಿಗೆ ಅನ್ನಿಸಿತು. ಆದಿಲಕ್ಷ್ಮಿ ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಹೋಗಿ ಎದುರಿಗೆ ಕೂತ. "ಲಕ್ಷ್ಮಿ" ಅಂದ. ಅವಳು ತಲೆಯೆತ್ತಿ, "ಏನು ಮಾವ, ತಲೆನೋವಾ? ಎಣ್ಣೆ ತಟ್ಲಾ?" ಅಂದಳು. ಆ ಮುಖ ನೋಡಿದರೆ ಅವನಿಗೆ ಐದು ವರ್ಷದ ಹುಡುಗಿಯೇ ಕಾಣುತ್ತಿದ್ದಳು, ಮೊಣಕಾಲು ತರಚಿಕೊಂಡು ಬಂದು ಮಾವನ ಮುಂದೆ ನಿಂತವಳು. ಹೇಳಲು ಆಗಲಿಲ್ಲ. ಎಣ್ಣೆ ತಟ್ಟಿಸಿಕೊಂಡು ಎದ್ದ.

ಆಮೇಲೆ ಭಾವನನ್ನು ಹಿಡಿದ. ಗಂಡಸಿಗೆ ಗಂಡಸು, ಅರ್ಥವಾದೀತು ಅಂತ ಲೆಕ್ಕ. ಹೊಲದ ಬದುವಿನಲ್ಲಿ ಮುನಿಶಾಮಿಯ ಪಕ್ಕ ಕೂತು, "ಭಾವ, ಮನುಷ್ಯನಿಗೆ ಮನಸು ಅಂತ ಒಂದಿರ್ತದಲ್ಲ" ಅಂತ ಶುರು ಮಾಡಿದ. ಅಷ್ಟರಲ್ಲಿ ಮೇಲೊಂದು ವಿಮಾನ ಬಂತು. ಮುನಿಶಾಮಿ ಅದು ಹೋಗಿ ಚುಕ್ಕಿಯಾಗುವವರೆಗೆ ನೋಡಿ, "ಅದ್ರ ಒಳ್ಗೆ ಕುಂತವ್ನಿಗೆ ಉಚ್ಚೆ ಬಂದ್ರೆ ಏನ್ಮಾಡ್ತಾನೋ ಆಂಜ?" ಅಂತ ಕೇಳಿದ. ಆ ಪ್ರಶ್ನೆಯ ಮೇಲೆ ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಮನಸ್ಸಿನ ವಿಷಯ ಬದುವಿನಲ್ಲೇ ಉಳಿಯಿತು.

ಶಿವರಾತ್ರಿಯೂ ಕಳೆಯಿತು. ಕಾರ್ಖಾನೆಯಲ್ಲಿ ಗೋವಿಂದಮ್ಮ ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ಒಂದು ಸಲ ಕಣ್ಣೆತ್ತಿ ನೋಡುತ್ತಿದ್ದಳು, ಅವನು ತಲೆ ತಗ್ಗಿಸಿ ಚಾಕ್ ಹುಡುಕುತ್ತಿದ್ದ. ಅವನಿಗೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು. ಆ ಸಿಟ್ಟನ್ನು ಹೊಲಿಯುವವರ ಮೇಲೆ ತೀರಿಸಿಕೊಂಡ. ಮನೆಗೆ ಬಂದರೆ ಮಾತ್ರ ಗೋವಿಂದಮ್ಮನ ಹೆಸರು ಸುಲಭವಾಗಿ ಬಾಯಿಗೆ ಬರುತ್ತಿತ್ತು: ಗೋವಿಂದಮ್ಮ ಇವತ್ತು ಹಿಂಗಂದ್ರು, ಗೋವಿಂದಮ್ಮ ಮೇಸ್ತ್ರೀನ ತರಾಟೆಗೆ ತಗೊಂಡ್ರು ಅಂತ. ಬೇಕಾದ ಮಾತೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಹೇಳಿದ.

ಕೊನೆಗೆ ಯುಗಾದಿಗೆ ಹದಿನೈದು ದಿನ ಇದೆ ಅನ್ನುವಾಗ ಧೈರ್ಯ ಮಾಡಿದ. ಬೆಳಗಿನ ಹೊತ್ತು, ಅಕ್ಕ ಪಡಸಾಲೆಯಲ್ಲಿ ರಾಗಿ ಕೇರುತ್ತಿದ್ದಳು. ಇವನು ಸೈಕಲ್ ಹಿಡಿದುಕೊಂಡೇ ನಿಂತ, ಹೇಳಿ ಓಡಿಬಿಡುವವನ ಹಾಗೆ.

"ಅಕ್ಕಾ, ನಂಗೆ ಇನ್ನೊಂದು ಮದ್ವೆ ಆಗ್ಬೇಕು ಅನ್ನಿಸೈತೆ."

ಮೊರ ಅಕ್ಕನ ಕೈಯಿಂದ ಜಾರಿತು. ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ಅವಳ ಕಣ್ಣಿಂದ ನೀರು ದಳದಳನೆ ಇಳಿಯಿತು. ಬಯ್ಯುತ್ತಾಳೆ ಅಂತ ಇವನು ಕಾದಿದ್ದರೆ ಅವಳು ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡಳು.

"ಈಗ್ಲಾದ್ರೂ ಬಾಯಿ ಬಿಟ್ಯಲ್ಲಪ್ಪಾ! ಆರು ವರ್ಷದಿಂದ ಕಾಯ್ತಾ ಇವ್ನಿ. ನಾನಾಗಿ ಕೇಳಿದ್ರೆ ದೊಡ್ಡವಳ ಹೊಟ್ಟೆ ಉರಿಸ್ದಂಗಾಯ್ತದೆ ಅಂತ ಬಾಯಿ ಮುಚ್ಕೊಂಡಿದ್ದೆ. ಶಾಮಿಗೆ ಎರಡು ಸಂಬಂಧ ಬಂದಿದ್ವು, ಎರಡ್ನೂ ತಿರುಗಿ ಕಳಿಸ್ದೆ. ಯಾತಕ್ಕೆ ಅಂತ ಕೇಳಿದ್ಯಾ ನೀನು? ನಿಂಗೇ ಅಂತ ಇಟ್ಕೊಂಡಿದ್ದೆ ಕಣೋ!"

ಶಾಮಿ ಅಂದರೆ ಮುನಿಶಾಮಮ್ಮ, ಅಕ್ಕನ ಎರಡನೆಯ ಮಗಳು, ಆದಿಲಕ್ಷ್ಮಿಯ ತಂಗಿ. ವಯಸ್ಸು ಇಪ್ಪತ್ತೆರಡು. ಹಿರಿಯವಳಿಗೆ ಮಕ್ಕಳಾಗದಿದ್ದರೆ ಕಿರಿಯವಳನ್ನೂ ಅದೇ ಗಂಡಿಗೆ ಕೊಡುವುದು, ಆಸ್ತಿಯೂ ಅಕ್ಕತಂಗಿಯರೂ ಒಂದೇ ಒಲೆಯ ಮುಂದೆ ಉಳಿಯುವುದು: ಆ ಮನೆಗಳಲ್ಲಿ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗಂಡಸು ಇನ್ನೊಂದು ಮದುವೆ ಅಂದರೆ ಅದು ಇದೇ.

"ಅಕ್ಕಾ, ಅದಲ್ಲ..." ಅಂದ ಮುನಿಆಂಜನಪ್ಪ.

"ಏನು ಅದಲ್ಲ? ನಾಚ್ಕೊಂತೀಯೇನೋ ನನ್ನ ಮುಂದೆ? ನಿನ್ನ ಚಡ್ಡಿ ಒಗ್ದೋಳು ನಾನು!"

ಇಗೋ, ಇಲ್ಲಿ ಹೇಳಬಹುದಿತ್ತು. ನಾಲ್ಕು ಅಕ್ಷರ. ಅಕ್ಕ ಅಳುತ್ತಿದ್ದಳು, ನಗುತ್ತಿದ್ದಳು, ಅವನ ಕೆನ್ನೆ ಸವರುತ್ತಿದ್ದಳು. ಆ ಹೆಂಗಸು ಅಷ್ಟು ಸಂತೋಷವಾಗಿದ್ದದ್ದನ್ನು ಅವನು ಕಂಡೇ ಇರಲಿಲ್ಲ. ನಾಳೆ ಹೇಳಿದರಾಯಿತು, ಇವಳ ಅಳು ನಿಲ್ಲಲಿ ಅಂದುಕೊಂಡ. ಹೊತ್ತಾಯಿತು ಅಂತ ಸೈಕಲ್ ಹತ್ತಿದ.

ನಾಳೆಯವರೆಗೆ ಕಾಯುವವಳೇ ಅಕ್ಕ? ಬೇರೆಯವರ ಮನೆಯ ಮದುವೆಯಾದರೆ ಹೆಣ್ಣಿನ ಕಡೆ ಗಂಡಿನ ಕಡೆ ಓಡಾಟ ಅಂತ ಎರಡು ತಿಂಗಳು ಹೋಗುತ್ತದೆ. ಇಲ್ಲಿ ಎರಡೂ ಕಡೆಗೆ ಅವಳೊಬ್ಬಳೇ. ಕೇಳಿದವಳೂ ಅವಳೇ, ಒಪ್ಪಿದವಳೂ ಅವಳೇ. ಸಂಜೆ ಅವನು ಮನೆಗೆ ಬರುವಷ್ಟರಲ್ಲಿ ಶಾಮಿಗೆ ಹೂವು ಮುಡಿಸಿ ಆಗಿತ್ತು, ಯುಗಾದಿ ಕಳೆದ ಮೂರನೆಯ ದಿನಕ್ಕೆ ಮುಹೂರ್ತ ಇಟ್ಟಾಗಿತ್ತು. ನೆರೆಯವರು ಬಂದು ಬೆಲ್ಲ ತಿಂದು ಹೋಗಿದ್ದರು.

ಅಲ್ಲಿಯವರೆಗೆ ಶಾಮಿ ಅವನು ಬಂದ ಕೂಡಲೇ ಚೀಲಕ್ಕೆ ಕೈ ಹಾಕಿ ತುಂಡು ಬಟ್ಟೆ ಹುಡುಕುತ್ತಿದ್ದವಳು. ಆ ಸಂಜೆ ಬಾಗಿಲ ಹಿಂದೆ ಸೆರಗು ಹೊದ್ದು ನಿಂತಿದ್ದಳು, ನೀರಿನ ಚೊಂಬನ್ನು ನೆಲದ ಮೇಲೆ ಇಟ್ಟು ಸರಿದಳು. ಅವಳ ಮೂಗನ್ನೂ ಅವನು ಒರೆಸಿದ್ದ. ಮುನಿಆಂಜನಪ್ಪ ಚೊಂಬನ್ನು ಮುಟ್ಟಲಿಲ್ಲ. ಆದಿಲಕ್ಷ್ಮಿಯ ಕಡೆ ನೋಡಿದ. ಅವಳು ಎಂದಿನಂತೆ ಮುದ್ದೆ ತಿರುವುತ್ತಿದ್ದಳು. "ನಿಂಗೆ ಒಪ್ಪಿಗೆನಾ ಲಕ್ಷ್ಮಿ?" ಅಂತ ಕೇಳಿದ. "ನಂಗೆ ಒಪ್ಪಿಗೆನಾ ಅಂತ ಈ ಮನೇಲಿ ಈಗ ಕೇಳ್ತಾ ಇದೀಯಲ್ಲ ಮಾವ" ಅಂದಳು ಅವಳು, ಮುದ್ದೆಯ ಕೋಲಿನ ಮೇಲಿಂದ ಕಣ್ಣು ತೆಗೆಯದೆ. ಅದು ಹೌದೋ ಅಲ್ಲವೋ ಅವನಿಗೆ ತಿಳಿಯಲಿಲ್ಲ, ತಿಳಿಯಲು ಪ್ರಯತ್ನವೂ ಮಾಡಲಿಲ್ಲ.

ಹತ್ತು ದಿನ ಅವನು ನಾಳೆ ನಾಳೆ ಅಂದುಕೊಂಡೇ ಕಳೆದ. ಗೋವಿಂದಮ್ಮನ ಎದುರು, "ಮನೇಲಿ ಮಾತು ತೆಗ್ದಿದೀನಿ" ಅಂದ. ಅದು ಸುಳ್ಳಲ್ಲ, ಅದೇ ಅದರ ಹೇಸಿಗೆ. ಅವಳ ಮುಖ ಎಷ್ಟು ಅರಳಿತು ಅಂದರೆ ಆಮೇಲೆ ಮಿಕ್ಕಿದ್ದನ್ನು ಹೇಳಲು ಅವನಿಗೆ ಇನ್ನೂ ಕಷ್ಟವಾಯಿತು.

ಯುಗಾದಿಗೆ ಮುಂಚಿನ ಶುಕ್ರವಾರ ಬಂತು. ಶುಕ್ರವಾರ ಜುಮ್ಮಾ ನಮಾಜಿಗೆ ಅಮೀರ್ ಸಾಹೇಬರು ಹನ್ನೆರಡಕ್ಕೇ ಕಾರ್ಖಾನೆ ಮುಚ್ಚುತ್ತಿದ್ದರು. ಇವತ್ತು ಅವಳ ಮನೆಗೇ ಹೋಗಿ, ಆದ ಎಡವಟ್ಟನ್ನೆಲ್ಲ ಹೇಳಿ, ಅವಳನ್ನೇ ಕರೆದುಕೊಂಡು ತಿಪ್ಪಸಂದ್ರಕ್ಕೆ ಹೋಗಿ ಅಕ್ಕನ ಮುಂದೆ ನಿಲ್ಲಿಸುವುದು ಅಂತ ಮುನಿಆಂಜನಪ್ಪ ತೀರ್ಮಾನ ಮಾಡಿದ. ಒಳ್ಳೆಯ ತೀರ್ಮಾನವೇ. ನೇರವಾಗಿ ಹೋಗಿದ್ದರೆ ಹನ್ನೆರಡೂವರೆಗೆ ಅವಳ ಬಾಗಿಲಲ್ಲಿರುತ್ತಿದ್ದ. ಅವನು ಕೆರೆಯ ಏರಿಯ ಮೇಲೆ ಸೈಕಲ್ ನಿಲ್ಲಿಸಿ, ಏನು ಹೇಳುವುದು, ಯಾವುದನ್ನು ಮೊದಲು ಹೇಳುವುದು ಅಂತ ಯೋಚಿಸುತ್ತ ಎರಡು ಗಂಟೆ ಕೂತ.

ಎದ್ದು ಹೊರಟು ಓಣಿಯ ತಿರುವಿಗೆ ಬಂದಾಗ ಎದುರಿಗೆ ಗೋವಿಂದಮ್ಮನ ಬಾಗಿಲು ತೆರೆದುಕೊಂಡಿತು. ಒಳಗಿಂದ ಅವನ ಅಕ್ಕ ಹೊರಗೆ ಬಂದಳು. ರೇಷ್ಮೆ ಸೀರೆ, ಕೈಯಲ್ಲಿ ತಟ್ಟೆ: ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಕುಂಕುಮದ ಭರಣಿ. ಹಿಂದೆಯೇ ಆದಿಲಕ್ಷ್ಮಿ. ಅವನ ಎದೆ ಒಮ್ಮೆ ಹಾರಿತು. ಒಂದು ಕ್ಷಣ, ಬರೀ ಒಂದು ಕ್ಷಣ, ಎಲ್ಲ ತಾನಾಗಿಯೇ ಸರಿಹೋಯಿತು ಅಂತ ಆ ಮೂಢ ನಂಬಿದ.

"ಅರೆ, ನೀನೂ ಇಲ್ಲೇ ಬಂದ್ಯಾ?" ಅಂದಳು ಅಕ್ಕ. "ಹಲಸೂರೋರ್ನೆಲ್ಲ ಮದ್ವೆಗೆ ಕರ್ಯಾಕೆ ಬಂದ್ವಿ. ನೀನು ದಿನಾ ಗೋವಿಂದಮ್ಮ ಗೋವಿಂದಮ್ಮ ಅಂತಿದ್ದೆ, ಅವರ್ನ ಬಿಡಾಕಾಯ್ತದಾ? ಪಾಪ, ಒಳ್ಳೆ ಹೆಂಗ್ಸು. ಚಾಪೆ ಹಾಸಿ, ಕಾಪಿ ಕೊಟ್ರು. ಇನ್ನೂ ನಾಕು ಮನೆ ಐತೆ, ಬತ್ತೀವಿ."

ಆದಿಲಕ್ಷ್ಮಿ ಗಂಡನನ್ನು ನೋಡಿದಳು, ತಿರುಗಿ ಆ ಬಾಗಿಲನ್ನು ನೋಡಿದಳು, ತಾಯಿಯ ಹಿಂದೆ ನಡೆದಳು.

ಒಳಗೆ ಚಾಪೆ ಇನ್ನೂ ಹಾಸಿಯೇ ಇತ್ತು. ಗೋವಿಂದಮ್ಮ ಗೋಡೆಗೊರಗಿ ಕೂತಿದ್ದಳು. ಹಣೆಯಲ್ಲಿ ಹೊಸ ಕುಂಕುಮ, ತಲೆಯಲ್ಲಿ ಮಲ್ಲಿಗೆ. ಅವನು ಹೊಸ್ತಿಲಲ್ಲಿ ನಿಂತ.

"ಕಿಟಕೀಲಿ ನೋಡ್ದೆ ಮಾಸ್ತರೇ, ತಟ್ಟೆ ಹಿಡ್ಕೊಂಡು ಇಬ್ರು ಬರ್ತಾ ಇದ್ರು" ಅಂದಳು. "ನಿಮ್ಮ ಹೆಸರು ಹೇಳಿ, ನನ್ನ ಮನೆ ಯಾವ್ದು ಅಂತ ಓಣಿಯೋರ್ನ ವಿಚಾರಿಸ್ತಾ ಇದ್ರು, ಕೇಳಿಸ್ಕೊಂಡೆ. ಓಡಿ ಹೋಗಿ ಮುಖ ತೊಳ್ಕೊಂಡು ಬೇರೆ ಸೀರೆ ಉಟ್ಟೆ. ನಿಮ್ಮ ಹೆಂಡ್ತೀನೇ ಕುಂಕುಮ ಇಟ್ರು, ಹೂವು ಮುಡಿಸಿದ್ರು. ನಾನು ಬಗ್ಗಿ ಅವರ ಕಾಲು ಮುಟ್ದೆ. ಆಮೇಲೆ ನಿಮ್ಮಕ್ಕ ಹೇಳಿದ್ರು, ನಮ್ಮ ಚಿಕ್ಕ ಮಗಳನ್ನ ತಮ್ಮನಿಗೆ ಕೊಡ್ತಾ ಇದೀವಿ, ಬರ್ಬೇಕು ಅಂತ."

"ಗೋವಿಂದಮ್ಮ, ಅದು ನಾನು ಹೇಳಿದ್ದಲ್ಲ. ನಾನು ಮದ್ವೆ ಅಂದೆ, ಅವ್ರು..."

"ಹೆಸರು ಹೇಳಿದ್ರಾ?"

ಅವನು ಹೊಸ್ತಿಲನ್ನು ನೋಡಿದ.

"ಕೇಳ್ತಾ ಇದೀನಿ. ನನ್ನ ಹೆಸರು ಹೇಳಿದ್ರಾ?"

"ಇವತ್ತು ಹೇಳ್ತೀನಿ. ಈಗ್ಲೇ ಹೋಗಿ ಹೇಳ್ತೀನಿ. ಆಣೆ."

"ನನ್ನ ಗಂಡ ಕೆಟ್ಟವನು" ಅಂದಳು ಗೋವಿಂದಮ್ಮ. ಅವಳ ದನಿ ಏರಲಿಲ್ಲ, ಆದರೆ ಕೈಗಳು ಚಾಪೆಯ ಅಂಚನ್ನು ಹಿಂಡುತ್ತಿದ್ದವು. "ಆದ್ರೂ ಹೋಗೋ ದಿನ ನಿನ್ನ ಬಿಟ್ಟು ಹೋಗ್ತಾ ಇದೀನಿ ಅಂತ ಮುಖದ ಮೇಲೆ ಹೇಳಿ ಹೋದ. ನೀವು ಒಳ್ಳೆಯೋರು ಮಾಸ್ತರೇ. ನಿಮ್ಮಂಥ ಒಳ್ಳೆಯೋರ ಜೊತೆ ನಂಗೆ ಬಾಳೋಕಾಗಲ್ಲ. ಅಣ್ಣನಿಗೆ ನಾಳೆ ಕಾಗದ ಹಾಕಿಸ್ತೀನಿ. ಹೋಗಿ."

ಅವನು ಹೋಗಲಿಲ್ಲ, ಬೇಡಿದ, ತನ್ನನ್ನು ತಾನೇ ಬಯ್ದುಕೊಂಡ. ಅವಳು ಎದ್ದು ಚಾಪೆ ಸುತ್ತಿ ಮೂಲೆಗಿಟ್ಟು, ಅವನು ಹೊಸ್ತಿಲು ಬಿಟ್ಟು ಇಳಿಯುವವರೆಗೆ ಬಾಗಿಲ ಹಿಡಿ ಹಿಡಿದುಕೊಂಡು ನಿಂತಳು. ಆಮೇಲೆ ಬಾಗಿಲು ಹಾಕಿಕೊಂಡಳು.

ಆ ಸಂಜೆ ತಿಪ್ಪಸಂದ್ರದ ಪಡಸಾಲೆಯಲ್ಲಿ, ಎಲ್ಲರೂ ಕೂತಿರುವಾಗ, ಮುನಿಆಂಜನಪ್ಪ ಹೇಳಿದ. "ಈ ಮದ್ವೆ ಬೇಡ. ನಾನು ಕೇಳಿದ್ದು ಶಾಮೀನಲ್ಲ. ಗೋವಿಂದಮ್ಮನ್ನ." ಎಷ್ಟು ಸಲೀಸಾಗಿ ಬಂತು ಮಾತು! ಉಸಿರು ಬಿಟ್ಟಷ್ಟು ಹೊತ್ತೂ ಹಿಡಿಯಲಿಲ್ಲ. ಇದಕ್ಕಾಗಿಯೇ ತಾನು ಎರಡು ತಿಂಗಳು ಸತ್ತದ್ದೇ ಅಂತ ಅವನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಅಕ್ಕ ಬಾಯಿ ತೆರೆದುಕೊಂಡು ಕೂತಳು. "ಯಾವ ಗೋವಿಂದಮ್ಮ? ಇವತ್ತು ನಾವು ಕುಂಕುಮ ಇಟ್ಟು ಬಂದ್ವಲ್ಲ, ಅವಳಾ?" ಅಂದಳು. ಆಮೇಲೆ, "ಅಯ್ಯೋ ಪಾಪಿ, ಹೇಳಾಕೇನಾಗಿತ್ತೋ ನಿಂಗೆ ರೋಗ!" ಅಂತ ಎದೆ ಬಡಿದುಕೊಂಡಳು. ಭಾವ ಮೇಲುಹೊದಿಕೆ ಹೆಗಲಿಗೆ ಹಾಕಿಕೊಂಡು ಮೆಲ್ಲಗೆ ಹೊರಗೆ ಹೋದ. ಬಾಗಿಲ ಹಿಂದಿದ್ದ ಶಾಮಿ ಈಚೆಗೆ ಬಂದಳು. ಹತ್ತು ದಿನದಲ್ಲಿ ಮೊದಲ ಸಲ ಅವನ ಮುಖ ನೋಡಿ ಮಾತಾಡಿದಳು.

"ಹಂಗಾದ್ರೆ ನಂಗೆ ಬಂದಿದ್ದ ಸಂಬಂಧ ತಿರುಗಿ ಕಳಿಸಿದ್ದು ಸುಮ್ಸುಮ್ನೇನಾ ಮಾವ? ಮಾರತ್ತಹಳ್ಳಿಯೋರು ಎರಡು ಸಲ ಬಂದಿದ್ರು. ನಂಗೆ ಅವ್ರು ಹಿಡಿಸಿದ್ರು." ಅಷ್ಟು ಹೇಳಿ ತಲೆಯ ಹೂವನ್ನು ಕಿತ್ತು ಕಿಟಕಿಯ ಮೇಲಿಟ್ಟು ಒಳಗೆ ಹೋದಳು.

ಆದಿಲಕ್ಷ್ಮಿ ಹಿತ್ತಿಲಲ್ಲಿ ಒಣಗಿದ ಸೌದೆ ಜೋಡಿಸುತ್ತಿದ್ದಳು. ಇನ್ನೂ ಬೆಳಕಿತ್ತು. ಮುನಿಆಂಜನಪ್ಪ ಹೋಗಿ ಕಲ್ಲಿನ ಮೇಲೆ ಕುಸಿದ. ಅವಳು ಅಳಲಿ, ಬಯ್ಯಲಿ, ಏನಾದರೂ ಮಾಡಲಿ ಅಂತ ಕಾದ. ಅವಳು ಕೆಲಸ ನಿಲ್ಲಿಸಲಿಲ್ಲ.

"ನಂಗೆ ಅಲ್ಲೇ ಗೊತ್ತಾಯ್ತು" ಅಂದಳು. "ಕುಂಕುಮ ಇಡೋವಾಗ ಅವರ ಮೈ ನಡುಗ್ತಾ ಇತ್ತು. ಮದ್ವೆಗೆ ಕರ್ಯಾಕೆ ಬಂದೋರ ಮುಂದೆ ಯಾರಾದ್ರೂ ಹಂಗೆ ನಡುಗ್ತಾರಾ? ಅವ್ವ ಶಾಮಿ ಮದ್ವೆ ಅಂದ್ಮೇಲೆ ಆ ಮುಖ ಬಾಡಿಹೋಗಿದ್ದನ್ನ ನೋಡ್ದೆ. ನಂಗೆ ಯಾಕೋ ತಡ್ಕೊಳ್ಳಾಕಾಗ್ಲಿಲ್ಲ ಮಾವ."

"ನಿನ್ನ ನೋಯಿಸ್ಬಾರ್ದು ಅಂತ ಹೇಳ್ಲಿಲ್ಲ ಲಕ್ಷ್ಮಿ."

"ನನ್ನ ಕೇಳಿದ್ಯಾ, ನೋವಾಯ್ತದಾ ಅಂತ?" ಅವಳು ಕೈಯಲ್ಲಿದ್ದ ಸೌದೆಯನ್ನು ಕೆಳಗಿಟ್ಟು, ಮೊದಲ ಬಾರಿಗೆ ಅವನ ಕಡೆ ತಿರುಗಿದಳು. "ಹನ್ನೊಂದು ವರ್ಷ ಆಯ್ತು, ನೀನು ಮನೆಗೆ ಬಂದಾಗ ನಂಗೊಂದು ಸಲಾನೂ ಹಂಗೆ ನಡುಕ ಬಂದಿಲ್ಲ. ಮಾವ ಬಂದ ಅಂತ ನೀರು ಕೊಡ್ತೀನಿ, ಅಷ್ಟೇ. ನಿಂಗೂ ಅಷ್ಟೇ ಅಂತ ನಂಗೆ ಗೊತ್ತಿಲ್ವಾ? ಎಲ್ರಿಗೂ ಹಿಂಗೇ ಇರ್ತದೆ ಅಂದ್ಕೊಂಡಿದ್ದೆ, ಇವತ್ತು ಅವರ್ನ ನೋಡೋ ತನಕ. ಸಂಕ್ರಾಂತೀಲಿ ನೀನು ಬಂದು ನನ್ನ ಮುಂದೆ ಕುಂತಿದ್ಯಲ್ಲ, ಆಗ ಹೆಸರು ಹೇಳಿದ್ರೆ ನಾನೇ ತಟ್ಟೆ ಹಿಡ್ಕೊಂಡು ಹೋಗಿ ಕೇಳ್ತಿದ್ದೆ. ಅವ್ವನ್ನ ನಾನು ಒಪ್ಪಿಸ್ತಿದ್ದೆ."

"ಯಾಕೆ?" ಅಂದ ಅವನು.

"ನೀನು ಅವರ ಗಂಡ ಆಗಿದ್ರೆ, ನಾನು ಮತ್ತೆ ನಿನ್ನ ಅಕ್ಕನ ಮಗಳಾಗಿರ್ತಿದ್ದೆ. ಅದು ನಂಗೆ ಚೆನ್ನಾಗಿ ಬರ್ತಿತ್ತು."

ಅವಳು ಸೌದೆಯನ್ನು ತೋಳ ತುಂಬ ಎತ್ತಿಕೊಂಡು ಒಲೆ ಹಚ್ಚಲು ಒಳಗೆ ಹೋದಳು. ಮುನಿಆಂಜನಪ್ಪ ಆ ಕಲ್ಲಿನ ಮೇಲೆಯೇ ಕೂತಿದ್ದ. ಈ ಮನೆಯಲ್ಲಿ ತನ್ನ ಮನಸ್ಸನ್ನು ಯಾರೂ ಕೇಳಲಿಲ್ಲ ಅಂತ ಎರಡು ತಿಂಗಳಿಂದ ಅವನು ಒಳಗೊಳಗೇ ಕುದಿಯುತ್ತಿದ್ದ. ಅವಳ ಮನಸ್ಸನ್ನು ತಾನು ಹನ್ನೊಂದು ವರ್ಷದಲ್ಲಿ ಕೇಳಿದ್ದು ಒಂದೇ ಸಲ, ಅದೂ ಮುಹೂರ್ತ ಇಟ್ಟ ಮೇಲೆ. ಅಡಿಗೆಮನೆಯಿಂದ ಅವಳು ಊಟಕ್ಕೆ ಕರೆದಳು, ಎಂದಿನಂತೆ, ಮಾವ ಅಂತಲೇ.